ಹಾಡು, ಹಾಡುಗಾರ ಮತ್ತು ಕೀರ್ತನೆಯ ತಲೆಬರಹ

ಕೋಣನಕುಂಟೆಯ ನಮ್ಮ ಧರ್ಮಕೇಂದ್ರದ ಯುವಜನರು ವಾರ್ಷಿಕ ಹಬ್ಬದ ಸಾಂಸ್ಕೃತಿಕ ಸಂಜೆಗೆಂದು ಒಂದು ಹಾಡನ್ನು ಆರಿಸಿಕೊಂಡಿದ್ದರು. ಸಂತ ಶಿಶುನಾಳ ಶರೀಫರ 'ಲೋಕದ ಕಾಳಜಿ'. ಶರೀಫರದು ಎನ್ನುವುದಕ್ಕಿಂತ ರಘು ದೀಕ್ಷಿತ್ ಅವರದು ಎಂದೇ ಅವರಲ್ಲಿ ಹಲವರು ತಿಳಿದಿದ್ದರು. ಗಿಟಾರ್ ಬಂತು, ಡ್ರಮ್ಸ್ ಬಂತು, ದೇವಾಲಯದ ಹಿಂದಿನ ಕೋಣೆ ಎರಡು ದಿನ ಗಡಗಡಿಸಿತು. ಮೂರನೆಯ ದಿನ ಗಾನವೃಂದದ ಹಿರಿಯ ಹುಡುಗಿಯೊಬ್ಬಳು ನನ್ನ ಬಳಿ ಬಂದು, "ಅಂಕಲ್, ಇದನ್ನು ನಾನು ಹಾಡುವುದಿಲ್ಲ" ಎಂದಳು. ಅನ್ಯಧರ್ಮದ ಹಾಡು ಎಂದು ಮನೆಯಲ್ಲಿ ಬೇಡವೆಂದರೇನೋ ಎಂದುಕೊಂಡು ಕೇಳಿದೆ. ಅವಳು ತಲೆಯಾಡಿಸಿದಳು. "ಹಾಡಿನ ಮೇಲೆ ನನಗೆ ಸಿಟ್ಟಿಲ್ಲ. ಹಾಡಿದವರ ಮೇಲಿದೆ. 2018ರಲ್ಲಿ ಏನಾಯಿತೆಂದು ನಿಮಗೆ ಗೊತ್ತಿಲ್ಲವೇ?"

ಗೊತ್ತಿತ್ತು. ಗೊತ್ತಿದ್ದೂ ಅದನ್ನು ಎಲ್ಲಿಯೋ ಬದಿಗಿಟ್ಟು ಆ ಹಾಡುಗಳನ್ನು ಕೇಳುತ್ತ ಬಂದವನು ನಾನು. ಅವಳ ಪ್ರಶ್ನೆಗೆ ಅಂದು ನಾನು ಸರಿಯಾಗಿ ಉತ್ತರಿಸಲಿಲ್ಲ. ಈ ಬರಹ ಆ ಉತ್ತರದ ಹುಡುಕಾಟ.

ಮೊದಲು ಹಾಡುಗಾರರ ಬಗ್ಗೆ. ರಘು ದೀಕ್ಷಿತ್ 1974ರಲ್ಲಿ ನಾಸಿಕದಲ್ಲಿ ಹುಟ್ಟಿ, ಮೈಸೂರಿನ ಸಂಪ್ರದಾಯಸ್ಥ ಮನೆಯಲ್ಲಿ ಬೆಳೆದವರು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದವರು, ಭರತನಾಟ್ಯ ಕಲಿತವರು. ನೃತ್ಯ ಮಾಡುವ ಹುಡುಗನೆಂದು ಸಹಪಾಠಿಯೊಬ್ಬ ಹಂಗಿಸಿದಾಗ ಪಂಥ ಕಟ್ಟಿ ಗಿಟಾರ್ ಹಿಡಿದವರು. 'ಅಂತರಾಗ್ನಿ' ಎಂಬ ತಂಡ ಕಟ್ಟಿದರು. ಮುಂದೆ ಅದು 'ರಘು ದೀಕ್ಷಿತ್ ಪ್ರಾಜೆಕ್ಟ್' ಆಯಿತು. ಸಿನಿಮಾದ ಆಸರೆಯಿಲ್ಲದೆ, ದೊಡ್ಡ ಕಂಪನಿಯ ಬೆಂಬಲವಿಲ್ಲದೆ ತಮ್ಮ ಹಾಡನ್ನು ತಾವೇ ಕಟ್ಟಿಕೊಳ್ಳುವವರನ್ನು ಇಂದು 'ಇಂಡೀ' ಕಲಾವಿದರೆನ್ನುತ್ತಾರೆ. ಕನ್ನಡದಲ್ಲಿ ಆ ದಾರಿಯನ್ನು ತುಳಿದವರಲ್ಲಿ ಇವರು ಮೊದಲಿಗರ ಸಾಲಿನವರು. ಇದು ಯಾವ ಬಗೆಯ ಸಂಗೀತವೆಂದು ತಿಳಿಯದೆ ಕ್ಯಾಸೆಟ್ ಕಂಪನಿಗಳು ವರ್ಷಗಟ್ಟಲೆ ಬಾಗಿಲು ಹಾಕಿದವು. ಕೊನೆಗೆ ಹಿಂದಿ ಚಿತ್ರರಂಗದ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿ ಮುಂಬಯಿಯಲ್ಲಿ ಇವರ ಹಾಡು ಕೇಳಿ 2008ರಲ್ಲಿ ಮೊದಲ ಆಲ್ಬಮ್ ಹೊರತಂದಿತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿ, 2013ರಲ್ಲಿ 'ಜಗ್ ಚಂಗಾ' ಎಂಬ ಎರಡನೆಯ ಆಲ್ಬಮ್. ನಡುವೆ 2008ರ 'ಸೈಕೋ' ಚಿತ್ರದ ಮಹದೇಶ್ವರನ ಹಾಡು ಕನ್ನಡದ ಮನೆಮನೆಗೆ ಅವರ ದನಿಯನ್ನು ತಲುಪಿಸಿತು. ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರ್ ಹಿಡಿದು ವಿದೇಶದ ವೇದಿಕೆಯಲ್ಲಿ ಕನ್ನಡದ ತತ್ವಪದ ಹಾಡುವ ಅವರನ್ನು ಕಂಡು ನನ್ನಂಥವರು ಹೆಮ್ಮೆಪಟ್ಟದ್ದು ಸುಳ್ಳಲ್ಲ.

ಆದರೆ ಹೆಮ್ಮೆ ವಿಮರ್ಶೆಯಲ್ಲ. ಶರೀಫರಿಗೆ ಅವರು ಏನು ಮಾಡಿದರು ಎಂದು ಕೇಳಬೇಕು.

ಶರೀಫರು 1819ರಿಂದ 1889ರವರೆಗೆ ಬಾಳಿದವರು. ಇಂದಿನ ಹಾವೇರಿ ಜಿಲ್ಲೆಯ ಶಿಶುನಾಳದ ಮುಸಲ್ಮಾನ ಮನೆತನದವರು. ಅವರ ಗುರು ಕಳಸದ ಗೋವಿಂದ ಭಟ್ಟರು ಬ್ರಾಹ್ಮಣರು. ಮನೆಯ ಮಾಳಿಗೆ, ಗುಡುಗುಡಿ, ಕೋಳಿ, ಗಿರಣಿ, ಹೀಗೆ ಕಣ್ಣೆದುರಿನ ಯಾವುದನ್ನೇ ಆಗಲಿ ಎತ್ತಿಕೊಂಡು ಅದರ ಮೂಲಕ ದೇಹ, ಪ್ರಾಣ, ಮರಣಗಳ ಮಾತನ್ನಾಡುವುದು ಅವರ ರೀತಿ. ಸಾಮತಿಗಳ ಮೂಲಕ ಪ್ರಭು ಯೇಸುವಿನ ಬೋಧನೆ ಕೇಳಿ ಬೆಳೆದ ನಮಗೆ ಈ ರೀತಿ ಪರಕೀಯವಲ್ಲ. ಹಳ್ಳಿಯ ಭಜನೆ ಮೇಳಗಳಲ್ಲಿ ಏಕತಾರಿ, ದಮ್ಮಡಿಗಳೊಡನೆ ಉಳಿದುಬಂದ ಆ ಪದಗಳನ್ನು ಪಟ್ಟಣದವರಿಗೆ ಮುಟ್ಟಿಸಿದವರು ಸಿ. ಅಶ್ವಥ್. 1990ರಲ್ಲಿ ಟಿ. ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರದ ಮೂಲಕ ಅವರ ತಾರಸ್ಥಾಯಿಯ ಕರೆ ಒಂದು ಪೀಳಿಗೆಯ ಕಿವಿಯಲ್ಲಿ ಶರೀಫರ ದನಿಯೇ ಆಗಿ ನಿಂತಿತು.

ಅಶ್ವಥ್ ಶರೀಫರನ್ನು ರಂಗಭೂಮಿಯ ಪಾತ್ರವಾಗಿಸಿದರೆ, ರಘು ಜಾತ್ರೆಯನ್ನಾಗಿಸಿದರು. 'ಗುಡುಗುಡಿಯ ಸೇದಿ ನೋಡೋ' ಅವರ ಕೈಯಲ್ಲಿ ಕುಣಿಯುತ್ತದೆ. ಗಿಟಾರಿನ ಲಯ ಹೆಜ್ಜೆ ಹಾಕಿಸುತ್ತದೆ. ಕನ್ನಡ ಬಾರದವರೂ ಪಲ್ಲವಿ ಹಿಡಿದು ಹಾಡುತ್ತಾರೆ. ಇಷ್ಟಾದರೂ ನನಗೆ ಅಲ್ಲಿ ಹೊಗೆ ಕಾಣುವುದಿಲ್ಲ. ಗುಡುಗುಡಿ ಸೇದುವುದು ಆತುರದ ಕೆಲಸವಲ್ಲ; ಒಂದು ಉಸಿರು ಒಳಗೆ, ಒಂದು ಹೊರಗೆ. ಆ ಉಸಿರಿನ ನಿಧಾನದಲ್ಲಿಯೇ ಪದದ ಅರ್ಥವಿದೆ. ಓಡುವ ಲಯದಲ್ಲಿ ಗುಡುಗುಡಿ ಬರಿಯ ಮೋಜಿನ ಸಾಮಾನಾಗಿ ಉಳಿಯಿತು. 'ಕೋಡಗನ ಕೋಳಿ ನುಂಗಿತ್ತ' ಹಾಡಿನಲ್ಲಿಯೂ ವಾದ್ಯಗಳ ಸಂತೆ ಹೆಚ್ಚು. ಒಗಟು ಬಿಡಿಸಲು ಕೇಳುಗನಿಗೆ ಬಿಡುವೇ ಸಿಗದು.

'ಲೋಕದ ಕಾಳಜಿ'ಯ ಮಾತು ಬೇರೆ. ಲೋಕದ ಚಿಂತೆಯನ್ನೆಲ್ಲ ಹೊತ್ತುಕೊಂಡೇನೆಂದು ಹೊರಟವನನ್ನು, ಮನೆ ಹೊಲ ಹಣವೆಂದು ಕೂಡಿಡುವವನನ್ನು ಆ ಪದ ನಗುನಗುತ್ತಲೇ ಚುಚ್ಚುತ್ತದೆ. ಲೂಕನ ಶುಭಸಂದೇಶದ ಹನ್ನೆರಡನೆಯ ಅಧ್ಯಾಯದಲ್ಲಿ ಕಣಜ ಕಿತ್ತು ದೊಡ್ಡ ಕಣಜ ಕಟ್ಟಿಸಲು ಹೊರಟ ಆ ಸಿರಿವಂತ ಅದೇ ರಾತ್ರಿ ಸಾಯಬೇಕಾದವನು. ಶರೀಫರ ಪದದ ಗೃಹಸ್ಥನಿಗೆ ಅವನು ದಾಯಾದಿ. ರಘು ಇಲ್ಲಿ ಲಯವನ್ನು ಬಿಗಿಯಾಗಿ ಹಿಡಿದು, ದನಿಯಲ್ಲಿ ಒಂದು ಒರಟುತನವನ್ನು ಉಳಿಸಿಕೊಂಡಿದ್ದಾರೆ. ವ್ಯಂಗ್ಯಕ್ಕೆ ಆ ಒರಟುತನ ಬೇಕು. ಸಾವಿರಾರು ಜನ ಒಟ್ಟಿಗೆ ಚಪ್ಪಾಳೆ ತಟ್ಟಿ ಹಾಡುವಾಗ ಆ ಮೊನೆ ಯಾರಿಗೂ ತಾಗದೆ ಹೋಗುವ ಅಪಾಯ ಇದ್ದೇ ಇದೆ. ಆದರೂ ಈ ಹಾಡಿನಲ್ಲಿ ಅವರು ಶರೀಫರನ್ನು ಅರಿತು ಹಾಡಿದ್ದಾರೆಂದು ನನ್ನ ತೀರ್ಮಾನ. ಕನಕಪುರ ರಸ್ತೆಯ ಎರಡು ಬದಿಯ ಹೊಲಗಳು ನಿವೇಶನಗಳಾಗಿ, ನಿವೇಶನಗಳು ಹದಿನೈದು ಮಹಡಿಗಳಾಗಿ, 2021ರಲ್ಲಿ ಮೆಟ್ರೊ ಕೂಡ ತಲೆಯ ಮೇಲೆ ಓಡಲಾರಂಭಿಸಿದ ಈ ಕೋಣನಕುಂಟೆಯಲ್ಲಿ ಮನೆಸಾಲದ ಕಂತು ಕಟ್ಟುತ್ತ ಆ ಹಾಡು ಕೇಳಿದರೆ, ಮೊನೆ ತಾಗಿಯೇ ತಾಗುತ್ತದೆ.

ಅನ್ಯಧರ್ಮದ ಹಾಡು ಎಂಬ ಆಕ್ಷೇಪವೂ ನಮ್ಮಲ್ಲಿ ಒಂದಿಬ್ಬರಿಂದ ಬಂದಿತ್ತು. ಅದಕ್ಕೆ ಹೆಚ್ಚು ಹೇಳಬೇಕಿಲ್ಲ. 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಕಲೆಹಾಕಿ ಅಚ್ಚು ಹಾಕಿಸಿದವರು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್. ಮೇಲಾಗಿ ನಮ್ಮ ಹುಡುಗರು ಹಾಡಹೊರಟಿದ್ದು ಬಲಿಪೂಜೆಯಲ್ಲಲ್ಲ, ವೇದಿಕೆಯ ಮೇಲೆ.

ಆ ಹುಡುಗಿಯ ಆಕ್ಷೇಪ ಇಷ್ಟು ಸುಲಭವಾಗಿ ತೀರುವಂಥದಲ್ಲ. 2018ರ ಅಕ್ಟೋಬರಿನಲ್ಲಿ, ದೇಶದಾದ್ಯಂತ ಹೆಣ್ಣುಮಕ್ಕಳು ತಮಗಾದ ಕಿರುಕುಳವನ್ನು ಬಹಿರಂಗವಾಗಿ ಹೇಳಿಕೊಳ್ಳತೊಡಗಿದ್ದ ದಿನಗಳಲ್ಲಿ, ಗಾಯಕಿ ಚಿನ್ಮಯಿ ಶ್ರೀಪಾದ ಅವರು ಹೆಸರು ಹೇಳಬಯಸದ ಗಾಯಕಿಯೊಬ್ಬರ ದೂರನ್ನು ಪ್ರಕಟಿಸಿದರು. ಹಾಡಲೆಂದು ಬಂದಿದ್ದ ತಮ್ಮೊಡನೆ ರಘು ಅನುಚಿತವಾಗಿ ನಡೆದುಕೊಂಡರೆಂಬುದು ದೂರು. ರಘು ಅದನ್ನು ಅಲ್ಲಗಳೆಯಲಿಲ್ಲ. ಹೇಳಿರುವ ರೀತಿಯಲ್ಲಿಯೇ ಎಲ್ಲವೂ ನಡೆಯಲಿಲ್ಲವೆಂದರೂ ಘಟನೆ ನಡೆದದ್ದು ನಿಜ, ತಪ್ಪು ತಮ್ಮದು ಎಂದು ಬಹಿರಂಗವಾಗಿ ಕ್ಷಮೆ ಕೇಳಿದರು. ನಾನು ನ್ಯಾಯಾಧೀಶನಲ್ಲ, ಅವರೇ ಒಪ್ಪಿಕೊಂಡಷ್ಟನ್ನು ಮಾತ್ರ ಹೇಳುತ್ತಿದ್ದೇನೆ. 2019ರಲ್ಲಿ ನೃತ್ಯ ಕಲಾವಿದೆ ಮಯೂರಿ ಉಪಾಧ್ಯ ಅವರೊಂದಿಗಿನ ದಾಂಪತ್ಯ ಮುರಿಯಿತು. 2025ರಲ್ಲಿ ಗಾಯಕಿ ವಾರಿಜಶ್ರೀ ವೇಣುಗೋಪಾಲ್ ಅವರನ್ನು ವಿವಾಹವಾದರು. ಈ ಎರಡು ಸಂಗತಿಗಳನ್ನು ಪತ್ರಿಕೆಗಳು ಬಗೆಬಗೆಯಾಗಿ ಬರೆದವು. ನನ್ನ ಮಟ್ಟಿಗೆ ಅವು ಆ ಕುಟುಂಬಗಳಿಗೆ ಸೇರಿದ ನೋವು ನಲಿವುಗಳು, ಹಾಡಿನ ವಿಮರ್ಶೆಗೆ ಸೇರಿದವಲ್ಲ. 2018ರದು ಹಾಗಲ್ಲ. ಅದು ಹಾಡಿನ ಕೆಲಸದ ಜಾಗದಲ್ಲಿಯೇ, ಹಾಡುವ ಮತ್ತೊಬ್ಬಳಿಗೆ ಆದದ್ದು. ನಮ್ಮ ಗಾನವೃಂದದ ಹುಡುಗಿಗೆ ಕಂಡದ್ದೂ ಅದೇ. ಆ ಗಾಯಕಿಯ ಜಾಗದಲ್ಲಿ ಅವಳು ತನ್ನನ್ನೇ ಕಂಡಿದ್ದಳು. ನಾನು ವೇದಿಕೆಯ ಮೇಲಿನವರನ್ನು ಮಾತ್ರ ಕಂಡಿದ್ದೆ.

ಈ ಪ್ರಶ್ನೆ ನಮ್ಮ ಧರ್ಮಸಭೆಗೂ ಬಂದಿದೆ ಎಂಬುದನ್ನು ಮರೆಯಬಾರದು. ಇಂಗ್ಲಿಷ್ ಪೂಜೆಗಳಲ್ಲಿ ಲೋಕದಾದ್ಯಂತ ಹಾಡಲಾಗುತ್ತಿದ್ದ ಅನೇಕ ಗೀತೆಗಳ ಕರ್ತೃ, ಅಮೆರಿಕದ ಡೇವಿಡ್ ಹಾಸ್ ಅವರ ಮೇಲೆ 2020ರಲ್ಲಿ ಹಲವು ಮಹಿಳೆಯರು ದೂರಿತ್ತಾಗ, ಅಲ್ಲಿನ ಹಲವು ಧರ್ಮಪ್ರಾಂತ್ಯಗಳು ಅವರ ಗೀತೆಗಳನ್ನು ಕೈಬಿಟ್ಟವು. ಚಿತ್ರಕಾರ ಮಾರ್ಕೊ ರುಪ್ನಿಕ್ ಅವರನ್ನು 2023ರಲ್ಲಿ ಯೇಸುಸಭೆ ಹೊರಹಾಕಿತು. 2025ರಲ್ಲಿ ಲೂರ್ದಿನ ಬಸಿಲಿಕದ ಬಾಗಿಲುಗಳ ಮೇಲಿನ ಅವರ ಮೊಸಾಯಿಕ್ ಚಿತ್ರಗಳಿಗೆ ಹೊದಿಕೆ ಹಾಕಿಸಲಾಯಿತು. ಅವುಗಳ ಗಂಭೀರತೆ ಬೇರೆ, ಇದರದು ಬೇರೆ. ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ನಾನು ಗಮನಿಸುವುದು ಇಷ್ಟನ್ನೇ: ನೊಂದವರು ದೇವಾಲಯಕ್ಕೆ ಬಂದು ಆ ಬಾಗಿಲನ್ನು ಹಾದು ಹೋಗಬೇಕಲ್ಲ ಎಂಬ ಕಾಳಜಿ ಆ ಹೊದಿಕೆಯ ಹಿಂದಿತ್ತು. ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂಬುದು ಅಲ್ಲಿ ಎರಡನೆಯ ಮಾತಾಯಿತು.

ಇದೆಲ್ಲವನ್ನು ಯೋಚಿಸುತ್ತಿದ್ದಾಗ ಐವತ್ತೊಂದನೆಯ ಕೀರ್ತನೆ ನೆನಪಾಯಿತು. ತಪಸ್ಸುಕಾಲದಲ್ಲಿ ನಾವೆಲ್ಲ ಹಾಡುವ ಕೀರ್ತನೆ. ಪವಿತ್ರ ಗ್ರಂಥದಲ್ಲಿ ಅದರ ತಲೆಬರಹವನ್ನು ಎಷ್ಟು ಜನ ಓದುತ್ತೇವೆ? ದಾವೀದನು ಬತ್ಷೆಬೆಯ ಬಳಿ ಹೋದ ಮೇಲೆ ಪ್ರವಾದಿ ನಾತಾನನು ಅವನಲ್ಲಿಗೆ ಬಂದಾಗಿನ ಕೀರ್ತನೆಯೆಂದು ಅಲ್ಲಿ ಬರೆದಿದೆ. ಇಸ್ರಯೇಲರ ಅತಿ ದೊಡ್ಡ ರಾಜ, ಅತಿ ದೊಡ್ಡ ಹಾಡುಗಾರ. ಅವನ ಪಾಪವನ್ನು ಅವನ ಹಾಡಿನ ನೆತ್ತಿಯ ಮೇಲೆಯೇ ಬರೆದಿಟ್ಟಿದ್ದಾರೆ. ಹಾಡು ಚೆನ್ನಾಗಿದೆಯೆಂದು ತಲೆಬರಹವನ್ನು ಅಳಿಸಲಿಲ್ಲ, ತಲೆಬರಹ ಕಹಿಯೆಂದು ಹಾಡನ್ನು ಸುಡಲೂ ಇಲ್ಲ. ಆದರೆ ಆ ಕೀರ್ತನೆಯಲ್ಲಿ ನನ್ನನ್ನು ಸದಾ ಕಾಡುವ ಒಂದು ಕೊರತೆಯೂ ಇದೆ. ತಾನು ದೇವರಿಗೆ ವಿರುದ್ಧವಾಗಿಯೇ ಪಾಪ ಮಾಡಿದೆನೆಂದು ದಾವೀದ ಗೋಳಿಡುತ್ತಾನೆ. ಬತ್ಷೆಬೆಯ ದನಿ ಅಲ್ಲಿ ಇಲ್ಲ, ಊರೀಯನ ಹೆಸರಿಲ್ಲ. ನೊಂದವಳ ಪರವಾಗಿ ತಲೆಬರಹವೊಂದೇ ಸಾಕ್ಷಿ. ಅದನ್ನು ಓದದೆ ಹಾಡಿದರೆ ಆ ಸಾಕ್ಷಿಯೂ ಉಳಿಯದು.

ರಘು ಅವರ 2008ರ ಆಲ್ಬಮಿನಲ್ಲಿ 'ಹೇ ಭಗವಾನ್' ಎಂಬ ಹಿಂದಿ ಹಾಡಿದೆ. ಬದುಕನ್ನು ಮತ್ತೊಮ್ಮೆ ಕೊಡು ಎಂದು ದೇವರಲ್ಲಿ ಬೇಡುವ ಹಾಡು. ಅವರ ವೈಯಕ್ತಿಕ ವಿಶ್ವಾಸದ ಬಗ್ಗೆ ಮಾತಾಡುವ ಅಧಿಕಾರ ನನಗಿಲ್ಲ; ಹಾಡಿನಲ್ಲಿ ಕೇಳಿಸುವ ವಿಶ್ವಾಸದ ಬಗ್ಗೆ ಹೇಳಬಹುದು. ಆ ದಿನಗಳಲ್ಲಿ ಅದು ನನಗೆ ಯೌವನದ ಹಗುರ ಪ್ರಾರ್ಥನೆಯಾಗಿ ಕೇಳಿಸಿತ್ತು. 2018ರ ನಂತರ ಅದೇ ಹಾಡು ಹಾಗೆ ಕೇಳಿಸದು. ಒಂದಕ್ಷರವೂ ಬದಲಾಗಿಲ್ಲ, ಆದರೂ ಭಾರವಾಗಿದೆ. ಹಾಡುಗಾರನ ಬದುಕು ಹಾಡಿನೊಳಗೆ ಬರಬಾರದೆಂದು ವಾದಿಸುವ ವಿದ್ವಾಂಸರಿದ್ದಾರೆ. ಬಂದದ್ದನ್ನು ನನ್ನ ಕಿವಿ ಹೊರಗಟ್ಟಲಾರದು. ಅಭಿಮಾನಿಗಳಾದ ನಾವು 'ಕ್ಷಮೆ ಕೇಳಿದರಲ್ಲ, ಮುಗಿಯಿತಲ್ಲ' ಎನ್ನುವುದೂ ಸರಿಯೆನಿಸದು. ಪಾಪನಿವೇದನೆಯಲ್ಲಿ ಕೂಡ ಕ್ಷಮೆಯ ಜೊತೆಗೆ ಪ್ರಾಯಶ್ಚಿತ್ತವಿದೆ. ಮತ್ತು ನೊಂದ ಹೆಣ್ಣುಮಗಳ ಪರವಾಗಿ ಕ್ಷಮಿಸುವ ಹಕ್ಕನ್ನು ಕೇಳುಗರಿಗೆ ಯಾರೂ ಕೊಟ್ಟಿಲ್ಲ.

ಕೊನೆಗೆ ಏನಾಯಿತೆಂದು ಹೇಳಬೇಕು. ನಮ್ಮ ಪಕ್ಕದ ಅಪಾರ್ಟ್‌ಮೆಂಟಿನ ಕಾವಲುಗಾರರು ಹಾವೇರಿ ಸೀಮೆಯವರು. ಊರಿನ ಭಜನೆ ಮೇಳದಲ್ಲಿ ಹಾಡಿದವರು. ಹುಡುಗರು ಮೊಬೈಲಿನಲ್ಲಿ ರಘು ಅವರ ಹಾಡು ಕೇಳಿಸಿದಾಗ ಅವರು ಸಂತೋಷದಿಂದಲೇ ತಲೆದೂಗಿದರು. "ಚೊಲೊ ಹಾಡ್ಯಾರ. ಆದ್ರ ನಮ್ಮ ಕಡೆ ಇದನ್ನ ನಿಂತು ಕುಣಕೋತ ಹಾಡೂದಿಲ್ರಿ, ಕುಂತು ಹಾಡೂದು" ಎಂದರು. ಸಂಜೆಯ ಪಾಳಿಗೆ ಮುನ್ನ ಮೂರು ದಿನ ಬಂದು ತಮ್ಮ ಊರಿನ ಧಾಟಿಯನ್ನು ಕಲಿಸಿಕೊಟ್ಟರು. ಡ್ರಮ್ಸ್ ಹಿಂದಕ್ಕೆ ಹೋಯಿತು. ಗಿಟಾರ್ ನುಡಿಸುವ ಹುಡುಗನಿಗೆ ಸ್ವಲ್ಪ ಬೇಸರವಾಯಿತು. ಅವನದೂ ನ್ಯಾಯವಾದ ಬೇಸರವೇ.

ಪರಿಚಯದ ಮಾತುಗಳನ್ನು ಬರೆಯಲು ಆ ಹುಡುಗಿಗೇ ಹೇಳಿದೆವು. ಅವಳ ಮೊದಲ ಕರಡಿನಲ್ಲಿ 2018ರ ಬಗ್ಗೆ ಎರಡು ಕಠಿಣ ವಾಕ್ಯಗಳಿದ್ದವು. ನಮ್ಮ ಧರ್ಮಗುರುಗಳು ಅವನ್ನು ಹೊಡೆದುಹಾಕಲಿಲ್ಲ. "ಮಗಳೇ, ಇದು ಆ ಗಾಯಕಿಗಾಗಿ ಬರೆದದ್ದೋ, ನಿನ್ನ ಸಿಟ್ಟಿಗಾಗಿಯೋ? ನೀನೇ ನೋಡು" ಎಂದು ಹಾಳೆ ಹಿಂತಿರುಗಿಸಿದರು. ಹಬ್ಬದ ಸಂಜೆ ಅವಳು ಓದಿದ್ದು ಹೀಗಿತ್ತು: ಇದು ಶರೀಫರ ಪದ, ರಘು ದೀಕ್ಷಿತ್ ಅವರ ದನಿಯಲ್ಲಿ ಮೊದಲು ಕೇಳಿದೆವು, ಅವರ ಬಗ್ಗೆ ನಮ್ಮೊಳಗೆ ಒಂದೇ ಅಭಿಪ್ರಾಯವಿಲ್ಲ, ಈಗ ಹಾಡುವ ಧಾಟಿ ಕಲಿಸಿದವರು ನಮ್ಮ ನೆರೆಯವರು. ಸಭೆಯಲ್ಲಿ ಕೆಲವರು ಮುಖ ಮುಖ ನೋಡಿಕೊಂಡರು. ಅವಳು ಮೈಕನ್ನು ಬೇರೆಯವರ ಕೈಗಿತ್ತು, ಹಿಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕುಳಿತಳು. ಹಾಡಲಿಲ್ಲ. ದಮ್ಮಡಿ ಬಾರಿಸಿದಳು.