ಮಲತಾಯಿಯ ಕೈಗೆ ವಿಷ ಕೊಟ್ಟವರು

ಅಜ್ಜಿಕಥೆಯಲ್ಲಿ ಮಲತಾಯಿ ಬಂದಳೆಂದರೆ ಮುಂದಿನದು ಎಲ್ಲರಿಗೂ ಗೊತ್ತು. ಸತ್ತವಳ ಮಗಳಿಗೆ ಒಣರೊಟ್ಟಿ, ತನ್ನ ಮಗಳಿಗೆ ತುಪ್ಪ. ಕೊನೆಗೆ ವಿಷ, ಇಲ್ಲಾ ಅಡವಿ. ಯಾಕೆ ಹಿಂಗ ಮಾಡ್ತಾಳೆ? ಮಲತಾಯಿ ಅಲ್ಲವೇ, ಅಷ್ಟೇ ಸಾಕು ಅನ್ನುತ್ತದೆ ಕಥೆ. ನಿಂತ ಜಾಗ ನೋಡಿ ಗುಣ ತೀರ್ಮಾನಿಸುವ ಈ ತರ್ಕ ಕೇರಿಯಿಂದ ಬಂದ ನಮಗೆ ಹೊಸದಲ್ಲ. ಆದ್ದರಿಂದಲೇ ಕಾರಣ ಕೇಳುತ್ತೇವೆ.

ಮೊದಲು ಮನೆ ನೋಡಿ. ಅಪ್ಪ ಎಲ್ಲಿದ್ದಾನೆ? ಬೇಟೆಗೆ ಹೋಗಿದ್ದಾನೆ, ವ್ಯಾಪಾರಕ್ಕೆ ಹೋಗಿದ್ದಾನೆ. ಹೊಲ ಅವನದು, ಹಗೇವಿನ ಜೋಳ ಅವನದು. ಮಗಳು ಹಸಿದು ಸೊರಗಿದ್ದು ಮಾತ್ರ ಅವನ ಕಣ್ಣಿಗೆ ಬೀಳಲ್ಲ. ಕಥೆ ಮುಗಿಯುವಾಗ ಬಂದು ಹೆಂಡತಿಗೆ ಶಿಕ್ಷೆ ಕೊಟ್ಟು ನ್ಯಾಯವಂತ ಆಗ್ತಾನೆ.

ಅವಳಾದರೂ ಯಾರು? ನಮ್ಮ ಹುಡಗಿ, ಹುಮನಾಬಾದ್ ಕಡೆ 'ಎರಡನೇ ಸಂಬಂಧ' ಅಂತಾರೆ. ಹೆಂಡತಿ ಸತ್ತವನಿಗೆ ಸಿಗುವುದು ಮದುವೆ ಖರ್ಚು ಹೊರಲಾರದವರ ಮಗಳು. ಬಾಣಂತನದಲ್ಲಿ ತಾಯಂದಿರು ಸಾಯುವುದು ಸಾಮಾನ್ಯವಾಗಿದ್ದ ಕಾಲದಲ್ಲಿ ಇಂಥ ಮನೆಗಳೇನು ಕಡಿಮೆಯೆ? ಎಳೆಯ ಹುಡುಗಿ, ಹೊಸ್ತಿಲು ದಾಟಿದ ದಿನವೇ ಮೂರು ಮಕ್ಕಳ ತಾಯಿ. ಪಿತ್ರಾರ್ಜಿತ ಹೊಲದಲ್ಲಿ ಮೊದಲನೆಯವಳ ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಪಾಲು. ಇವಳಿಗೋ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬರುವ ತನಕ ಗಂಡನ ಆಸ್ತಿಯಲ್ಲಿ ಪೂರ್ಣ ಒಡೆತನವೇ ಇರಲಿಲ್ಲ. ತನಗೆ ಗಂಡು ಹುಟ್ಟದಿದ್ದರೆ ಮುಂದೆ ಮಲಮಕ್ಕಳ ದಯೆಯ ರೊಟ್ಟಿ. ಅವಳು ತೆಗೆದ ಜಗಳ ರಾಕ್ಷಸತನವೋ, ಲೆಕ್ಕವೋ? ಕೈಕೇಯಿ ಮಗನಿಗಾಗಿ ಕೇಳಿದ್ದೂ ಪಟ್ಟವನ್ನೇ.

ಹಾಗಂತ ಕೂಸಿನ ಬೆನ್ನ ಮ್ಯಾಲಿನ ಬಾಸುಂಡೆ ಸುಳ್ಳಲ್ಲ. ಈ ಕಥೆಗಳನ್ನು ಹೆಚ್ಚಾಗಿ ಹೇಳಿದವರು ಹೆಂಗಸರೇ. ನಾ ಸತ್ತರೆ ನನ್ನ ಮಕ್ಕಳ ಗತಿ ಏನು ಎಂಬ ಬಾಣಂತಿಯ ಭಯ ಅವುಗಳೊಳಗಿದೆ. ಆ ಭಯ ಖರೆ. ಆದರೆ ಅದು ಗಂಡನ ಮ್ಯಾಲ ತಿರುಗಬೇಕಿತ್ತು, ಮುಂದೆ ಬರುವ ಇನ್ನೊಬ್ಬ ಬಡವಿಯ ಮ್ಯಾಲ ತಿರುಗಿತು.

ಇನ್ನು ಕಾವ್ಯ ಬರೆದವರು. 16ನೇ ಶತಮಾನದ ನಂಜುಂಡ ಕವಿಯ ಕುಮಾರರಾಮನ ಸಾಂಗತ್ಯ ತಗೊಳ್ಳಿ. ಕಂಪಿಲರಾಯನ ಕಿರಿಯ ಹೆಂಡತಿ ರತ್ನಾಜಿ ಮಲಮಗ ರಾಮನನ್ನು ಮೋಹಿಸ್ತಾಳೆ. ಅವನು ಒಪ್ಪದಿದ್ದಾಗ ಸುಳ್ಳು ದೂರು ಕೊಡ್ತಾಳೆ. ರಾಯ ಮಗನ ತಲೆ ತೆಗೆಯಲು ಅಪ್ಪಣೆ ಮಾಡಿದರೆ ಮಂತ್ರಿ ಬೈಚಪ್ಪ ಅವನನ್ನು ಬಚ್ಚಿಟ್ಟು ಉಳಿಸ್ತಾನೆ. ರಾಮ ಪರನಾರೀಸೋದರನೆಂದು ಪಂಡಿತರು ಹಾಡಿ ಹೊಗಳಿದರು. ರತ್ನಾಜಿ ಸುಳ್ಳು ಹೇಳಿದಳು, ಒಪ್ಪೋಣ. ಬೆಳೆದು ನಿಂತ ಮಗನಿದ್ದೂ ಎಳೆಯ ಹೆಣ್ಣನ್ನು ಅಂತಃಪುರಕ್ಕೆ ತಂದು ಕೂಡಿಸಿದ ರಾಯನನ್ನು ಕೇಳಿದವರೆಷ್ಟು ಜನ?

ಜರ್ಮನಿಯ ಗ್ರಿಮ್ ಸೋದರರು ಇನ್ನೂ ಜಾಣರು. 1812ರಲ್ಲಿ ಅವರು ಅಚ್ಚು ಹಾಕಿಸಿದ ಸ್ನೋವೈಟ್ ಕಥೆಯಲ್ಲಿ ಮಗಳನ್ನು ಕೊಲ್ಲಿಸಹೊರಟವಳು ಹೆತ್ತ ತಾಯಿಯೇ. 1819ರ ಮುದ್ರಣದಲ್ಲಿ ಅವಳನ್ನು ಮಲತಾಯಿ ಮಾಡಿದರು. ತಾಯ್ತನಕ್ಕೆ ಮಸಿ ಹತ್ತಬಾರದಲ್ಲ!

ಇನ್ನೊಂದು ಮಾತು. ವಿಧವೆಯ ತಲೆ ಬೋಳಿಸಿ ಮೂಲೆಗೆ ಕೂಡಿಸಿದ ಜಾತಿಗಳಲ್ಲಿ ಮಲತಂದೆ ಎಲ್ಲಿಂದ ಬರಬೇಕು? ಉಡಕಿ ಇದ್ದ ನಮ್ಮ ಜನರಲ್ಲಿ ಇದ್ದರು, ಒಳ್ಳೆಯವರೂ ಕೆಟ್ಟವರೂ. ಅವರ ಕಥೆ ಪುಸ್ತಕಗಳಲ್ಲಿ ಯಾಕಿಷ್ಟು ಅಪರೂಪ? ಜಾನಪದ ಸಂಗ್ರಹಿಸುವ ಮಾಸ್ತರರು ನಮ್ಮ ಕೇರಿಗೂ ಬಂದು ಕೇಳಲಿ.

ಕಲ್ಯಾಣ ಕರ್ನಾಟಕಕ್ಕೆ ಅನುದಾನ ಬರದಿದ್ದಾಗ ಪತ್ರಿಕೆಗಳು 'ಸರ್ಕಾರದ ಮಲತಾಯಿ ಧೋರಣೆ' ಅಂತ ಬರೆಯುತ್ತವೆ. ಹೋರಾಟದ ಕರಪತ್ರಗಳಲ್ಲೂ ಅದೇ ಮಾತು. ವಿಧಾನಸೌಧದಲ್ಲಿ ಕೂತವರು ಬಹುತೇಕ ಗಂಡಸರು. ಬೈಗುಳ ಎರಡನೇ ಸಂಬಂಧದವಳಿಗೆ. ಮುಂದಿನ ಕರಪತ್ರದಲ್ಲಿ ಆ ಶಬ್ದ ಹೊಡೆದುಹಾಕಿ 'ಅಪ್ಪನ ಧೋರಣೆ' ಅಂತ ಬರೆದು ನೋಡೋಣ, ಯಾರಿಗೆ ಸಿಟ್ಟು ಬರ್ತದೆ.