ಅಲರ್ ಕಡತದಲ್ಲಿ ಇಲ್ಲದ ಅಂಕಣ

ವಿ. ಕೃಷ್ಣ ಅವರು ಸುಮಾರು 4 ದಶಕ ಒಬ್ಬರೇ ಕೂತು ಕೂಡಿಸಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ 1.5 ಲಕ್ಷದಷ್ಟು ಪದಗಳಿವೆ. 2019ರಲ್ಲಿ ಅದನ್ನು ಜಾಲಕ್ಕೆ ತಂದವರು ಜೆ.ಪಿ. ನಗರದ ಝೆರೋಧಾ ಸಂಸ್ಥೆಯ ಕೈಲಾಶ್ ನಾಧ್. ಇಡೀ ನಿಘಂಟು ಗಿಟ್‌ಹಬ್‌ನಲ್ಲಿ ಒಂದು ಕಡತವಾಗಿ ಎಲ್ಲರಿಗೂ ಸಿಗುತ್ತದೆ. ಹುಡುಕಾಟಕ್ಕೆಂದು ಬರೆದ ‘ಕೆಎನ್‌ಫೋನ್’ ಪ್ಯಾಕೇಜನ್ನೂ ಬೇರೆಯಾಗಿಯೇ ಪ್ರಕಟಿಸಿದ್ದಾರೆ.

ನನಗೆ ಹೆಚ್ಚು ಹಿಡಿಸಿದ್ದು ಈ ಪ್ಯಾಕೇಜು. ಪದದ ಉಚ್ಚಾರಣೆಯಿಂದ ಅದು ಮೂರು ಕೀಲಿಗಳನ್ನು ಮಾಡುತ್ತದೆ. ಮೊದಲನೆಯದು ತೀರ ಸಡಿಲ, ಕೊನೆಯದು ಬಿಗಿ. ಸಡಿಲ ಕೀಲಿಗೆ ‘ಬಾಷೆ’ಯೂ ‘ಭಾಷೆ’ಯೂ ಒಂದೇ. ಮಹಾಪ್ರಾಣ ತಪ್ಪಿದವರನ್ನು ನೋಡಿ ನಗುವ ನಮ್ಮ ತರಗತಿಗಳಿಗಿಂತ ಇದು ಉದಾರಿ.

ಆದರೆ ಕಡತ ಬಿಚ್ಚಿದರೆ ಮುಖ್ಯವಾಗಿ ಸಿಗುವುದು ಪದ, ಮೂಲ, ವ್ಯಾಕರಣ, ಅರ್ಥ. ಪ್ರಯೋಗಕ್ಕೆ ಅಂಕಣವೇ ಇಲ್ಲ. ಜಯನಗರದಲ್ಲಿ ಬಾಳಿದ ಜಿ. ವೆಂಕಟಸುಬ್ಬಯ್ಯನವರು ದುಡಿದ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಶಾಸನ, ಕಾವ್ಯಗಳಿಂದ ಸಾಕ್ಷಿ ತಂದು ನಿಲ್ಲಿಸುತ್ತದೆ. ಅಲ್ಲಿ ಅರ್ಥವನ್ನು ಪರೀಕ್ಷಿಸಬಹುದು, ಇಲ್ಲಿ ನಂಬಬೇಕು. ಹಳಗನ್ನಡದ ಮೇಲೆ ಪ್ರಬಂಧ ಬರೆಯುವವರಿಗೆ ಇದು ಸಣ್ಣ ಕೊರತೆಯಲ್ಲ.

ಈ ಕೊರತೆ ತುಂಬಲು ಯಾರ ಅಪ್ಪಣೆಯೂ ಬೇಡ. ಮೂಲದ ಹೆಸರು ಹೇಳಿ, ಇದರ ಮೇಲೆ ಕಟ್ಟಿದ್ದನ್ನೂ ಹೀಗೆಯೇ ತೆರೆದಿಡಿ ಎಂಬುದೇ ಅದರ ಪರವಾನಗಿಯ ಮುಖ್ಯ ಕರಾರು. ಪ್ರತಿ ಪದಕ್ಕೂ ಒಂದು ಸಂಖ್ಯೆಯಿದೆ. ಪಂಪನ ಪ್ರಯೋಗಗಳನ್ನು ಆ ಸಂಖ್ಯೆಗಳಿಗೆ ಜೋಡಿಸಿ ಬೇರೊಂದು ಪ್ಯಾಕೇಜಾಗಿ ಹೊರತರಬಹುದು. ಎಂ.ಎ. ವಿದ್ಯಾರ್ಥಿಗಳ ಒಂದು ತಂಡ ಎರಡು ಸೆಮಿಸ್ಟರಿನಲ್ಲಿ ಆದಿಪುರಾಣದಿಂದಲೇ ಶುರುಮಾಡಲಿ.