ಶ್ರೀನಗರದ ಭಾಷಣ ಸಾಕು, ಬೆಂಗಳೂರಿನದನ್ನು ಓದೋಣ

ಸೋವಿಯತ್ ನಾಯಕರಾದ ಕ್ರುಶ್ಚೇವ್ ಮತ್ತು ಬುಲ್ಗಾನಿನ್ 1955ರಲ್ಲಿ ಭಾರತದಲ್ಲಿ ಮಾಡಿದ ಭಾಷಣಗಳ ಬಗ್ಗೆ ಬರೆಯುವವರೆಲ್ಲ ಡಿಸೆಂಬರ್ 10ರ ಶ್ರೀನಗರಕ್ಕೆ ಬಂದು ನಿಲ್ಲುತ್ತಾರೆ. ಕಾಶ್ಮೀರ ಭಾರತದ್ದೇ ಎಂದು ಕ್ರುಶ್ಚೇವ್ ಸಾರಿದ್ದು, ಮುಂದೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಭಾರತದ ಪರವಾಗಿ ಬಂದ ಸೋವಿಯತ್ ವೀಟೊಗಳು, ಗೊತ್ತಿರುವ ಕಥೆಯೇ. ಭಾಷಣವೆಂದು ನೋಡಿದರೆ ಅದರಲ್ಲಿ ಅಂಥ ಹುರುಳಿಲ್ಲ. ಮನೆಯವರಿಗೆ ಬೇಕಾದ್ದನ್ನು ಅವರ ಅಂಗಳದಲ್ಲೇ ನಿಂತು ಹೇಳುವುದಕ್ಕೆ ದೊಡ್ಡ ಮಾತುಗಾರಿಕೆ ಏಕೆ ಬೇಕು? ಎರಡು ವಾರ ಮೊದಲು, ನವೆಂಬರ್ 26ರಂದು, ಕ್ರುಶ್ಚೇವ್ ಬೆಂಗಳೂರಿನಲ್ಲಿ ಆಡಿದ್ದು ಬೇರೆಯೇ ಜಾತಿಯ ಮಾತು. ಅದನ್ನು ನಮ್ಮೂರಿನವರೇ ಮರೆತಿದ್ದಾರೆ.

ಮರೆವಿಗೆ ಕಾರಣವೂ ಇದೆ. ಮರ್ಫಿ ಟೌನ್‌ನಲ್ಲಿ ಬೆಳೆದ ನನ್ನಂಥವರಿಗೆ ರಷ್ಯಾ ಅಂದರೆ ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ನುಣುಪು ಹಾಳೆ. ನೋಟ್‌ಬುಕ್ಕಿಗೆ ಬೈಂಡ್ ಹಾಕಲು ಅದಕ್ಕಿಂತ ಒಳ್ಳೆಯ ಕಾಗದ ಸಿಗುತ್ತಿರಲಿಲ್ಲ. ಟ್ರ್ಯಾಕ್ಟರು, ಗೋಧಿ ಹೊಲ, ನಗುವ ಹೆಂಗಸರು, ಎಚ್‌ಎಎಲ್, ಐಟಿಐಗೆ ಕೆಲಸಕ್ಕೆ ಹೋಗುವವರ ಮನೆಗಳಿಗೆ ಹೇಳಿ ಮಾಡಿಸಿದಂಥ ಚಿತ್ರಗಳು. ಬಾಂಬು ಮಾತ್ರ ಆ ಹಾಳೆಗಳಲ್ಲಿ ಕಂಡ ನೆನಪಿಲ್ಲ. 

ಬೆಂಗಳೂರಿನ ಭಾಷಣಕ್ಕೆ ನಾಲ್ಕು ದಿನ ಮುಂಚೆ, ನವೆಂಬರ್ 22ರಂದು, ಸೆಮಿಪಲಾಟಿನ್‌ಸ್ಕ್‌ನಲ್ಲಿ ಸೋವಿಯತ್ ಒಕ್ಕೂಟ ತನ್ನ ಮೊದಲ ಎರಡು ಹಂತದ ಹೈಡ್ರೋಜನ್ ಬಾಂಬನ್ನು ವಿಮಾನದಿಂದ ಹಾಕಿ ಸಿಡಿಸಿತ್ತು. 1.6 ಮೆಗಾಟನ್, ಅಂದರೆ ಹಿರೋಷಿಮಾದ ಸುಮಾರು ನೂರು ಪಟ್ಟು. ಅದರ ಆಘಾತಕ್ಕೆ ದೂರದ ಹಳ್ಳಿಯ ಒಂದು ಎಳೆಮಗು, ಕಂದಕದಲ್ಲಿದ್ದ ಒಬ್ಬ ಸೈನಿಕ ಸತ್ತರು. ಸಾವಿನ ಸುದ್ದಿ ಹೊರಬರಲಿಲ್ಲ. ಸ್ಫೋಟದ ಹೆಮ್ಮೆ ಬೆಂಗಳೂರಿಗೆ ಬಂತು.

ಇಲ್ಲಿ ಕ್ರುಶ್ಚೇವ್ ಕಟ್ಟಿದ ವಾದದ ನಡೆ ನೋಡಿ. ಈ ಬಾಂಬುಗಳು ಎಂದೂ ಯಾವ ಊರಿನ ಮೇಲೂ ಬೀಳದಿರಲಿ ಎಂಬ ಹಾರೈಕೆ ಒಂದು ಕಡೆ. ಅವು ಸುಮ್ಮನೆ ಬಿದ್ದಿರಲಿ, ಯುದ್ಧ ಹೂಡಬಯಸುವವರ ನರಗಳ ಮೇಲೆ ತಮ್ಮ ಕೆಲಸ ಮಾಡುತ್ತಿರಲಿ ಎಂಬುದು ಇನ್ನೊಂದು ಕಡೆ. ಮೊದಲನೆಯದಕ್ಕೆ ಯಾರಾದರೂ ಚಪ್ಪಾಳೆ ತಟ್ಟುತ್ತಾರೆ. ತಟ್ಟಿದ ಕೈ ಇಳಿಯುವುದರೊಳಗೆ ಎರಡನೆಯದೂ ಒಪ್ಪಿತವಾಗಿಬಿಡುತ್ತದೆ. ಬಾಂಬು ಬೀಳದೆಯೇ ಕೆಲಸ ಮಾಡುತ್ತದೆ ಎನ್ನುವವನಿಗೆ ಅದನ್ನು ಕೈಬಿಡಲು ಕಾರಣವೇ ಉಳಿಯುವುದಿಲ್ಲ. ಶಾಂತಿಯ ಹಾರೈಕೆಯೇ ಶಸ್ತ್ರವನ್ನು ಇಟ್ಟುಕೊಳ್ಳಲು ನೆಪವಾಗುತ್ತದೆ. ಮುಂದೆ ಮೂರು ದಶಕ ಎರಡೂ ಬಣಗಳು ಹಾಡಿದ ಹಾಡಿನ ಪಲ್ಲವಿ ಇದು.

ಇದೇ ಹಾರೈಕೆ ಅದೇ ವಾರ ಇನ್ನೊಬ್ಬರ ಬಾಯಿಂದಲೂ ಬಂದಿತ್ತು. ಪರೀಕ್ಷೆ ನಡೆದ ರಾತ್ರಿಯ ಔತಣದಲ್ಲಿ, ಬಾಂಬು ರೂಪಿಸಿದವರಲ್ಲಿ ಮುಖ್ಯನಾದ ಸಖರೋವ್, ನಮ್ಮ ಸಾಧನಗಳು ಪರೀಕ್ಷಾ ಬಯಲಿನಲ್ಲಷ್ಟೇ ಸಿಡಿಯಲಿ, ನಗರಗಳ ಮೇಲೆ ಬೇಡ ಎಂದ. ಸೇನಾಧಿಕಾರಿ ನೆಡೆಲಿನ್ ಒಂದು ಪೋಲಿ ಕಥೆ ಹೇಳಿ ಬಾಯಿ ಮುಚ್ಚಿಸಿದ. ಬಾಂಬು ಗಟ್ಟಿ ಮಾಡಿಕೊಡುವುದಷ್ಟೇ ನಿನ್ನ ಪಾಲು, ಗುರಿ ನಾವು ನೋಡಿಕೊಳ್ಳುತ್ತೇವೆ ಎಂಬುದು ಕಥೆಯ ತಾತ್ಪರ್ಯ. ಸಖರೋವ್ ತನ್ನ ನೆನಪುಗಳಲ್ಲಿ ಇದನ್ನು ಬರೆದುಕೊಂಡಿದ್ದಾನೆ. ಬೆಂಗಳೂರಿನಲ್ಲಿ ಕ್ರುಶ್ಚೇವ್ ಮಾತು ಶುರುಮಾಡಿದ್ದು ಸಖರೋವ್‌ನಂತೆ, ಮುಗಿಸಿದ್ದು ನೆಡೆಲಿನ್‌ನಂತೆ. ಆ ಚಾಲಾಕಿಗೆ ಭೇಷ್ ಅನ್ನಬೇಕು. ಜನರ ಜೊತೆ ಹೀಗೆ ಆಟವಾಡಬಲ್ಲ ಮಾತುಗಾರ ಆ ಕಾಲದ ವಾಷಿಂಗ್ಟನ್‌ನಲ್ಲಿ ಇರಲಿಲ್ಲ.

ವಾಷಿಂಗ್ಟನ್ ಅಂದಾಗ ನೆನಪಾಯಿತು. ಒಂದೂವರೆ ತಿಂಗಳ ನಂತರ, 1956ರ ಜನವರಿಯಲ್ಲಿ, ಅಮೆರಿಕದ ವಿದೇಶಾಂಗ ಸಚಿವ ಡಲೆಸ್ ‘ಲೈಫ್’ ಪತ್ರಿಕೆಯಲ್ಲಿ ಯುದ್ಧದ ಅಂಚಿಗೆ ಹೋಗಿ ಬೀಳದೆ ನಿಲ್ಲುವುದೇ ಕಲೆ ಎಂಬರ್ಥದ ಮಾತಾಡಿ ಜಗತ್ತಿನಾದ್ಯಂತ ಬೈಸಿಕೊಂಡರು. ನಮ್ಮ ಎಡಪಂಥೀಯ ಲೇಖಕರು ಇಂದಿಗೂ ಆ ಮಾತನ್ನು ಎತ್ತಿ ಆಡುತ್ತಾರೆ. ಆಡಲಿ, ತಪ್ಪೇನಿಲ್ಲ. ಆದರೆ ಅದೇ ತರ್ಕ ನಮ್ಮ ಊರಿನ ವೇದಿಕೆಯಲ್ಲಿ ಇನ್ನೂ ನಯವಾಗಿ ಮಂಡನೆಯಾದಾಗ ಅದು ಸ್ನೇಹದ ಪುಟಕ್ಕೆ ಹೇಗೆ ಸೇರಿತು? ಈ ಎಡಪಂಥೀಯರನ್ನು ಹೀಯಾಳಿಸುವ ‘ವಾಸ್ತವವಾದಿ’ ಅಂಕಣಕಾರರದು ಇನ್ನೊಂದು ಸೋಮಾರಿತನ. ವೀಟೊ ಸಿಕ್ಕಿತಲ್ಲ, ಭಾಷಣ ಯಾಕೆ ಓದಬೇಕು ಎನ್ನುತ್ತಾರೆ. ರಾಜತಾಂತ್ರಿಕತೆಯನ್ನು ಕೊಟ್ಟದ್ದು ಪಡೆದದ್ದರ ಲೆಕ್ಕದ ಪುಸ್ತಕ ಮಾಡಿಕೊಂಡವರಿಗೆ ಮಾತು ಬರೀ ಗಾಳಿ. ಇಬ್ಬರೂ ಭಾಷಣವನ್ನು ಓದದೆಯೇ ಜಗಳವಾಡುತ್ತಿದ್ದಾರೆ ಎಂಬುದು ನನ್ನ ಗುಮಾನಿ.

ಸ್ಥಳವೂ ಇಲ್ಲಿ ಮುಖ್ಯ. 1954ರ ಏಪ್ರಿಲ್ 2ರಂದು ಅಣು ಪರೀಕ್ಷೆಗಳನ್ನು ನಿಲ್ಲಿಸಿ ಎಂದು ಸಂಸತ್ತಿನಲ್ಲಿ ನಿಂತು ಕೇಳಿದವರು ನೆಹರೂ. ಹಾಗೆ ಕೇಳಿದ ದೇಶಕ್ಕೇ ಅತಿಥಿಯಾಗಿ ಬಂದು, ಆಗಷ್ಟೇ ಮುಗಿದ ಪರೀಕ್ಷೆಯನ್ನು ಹೊಗಳಿಕೊಳ್ಳುವುದಕ್ಕೆ ಎದೆಗಾರಿಕೆ ಬೇಕು. ಕೇಳಿದವರ ಒಳ್ಳೆಯತನದ ಬಗ್ಗೆ ಪೂರ್ತಿ ಭರವಸೆಯೂ ಬೇಕು. ಕ್ರುಶ್ಚೇವ್‌ಗೆ ಎರಡೂ ಇದ್ದವು. ಅದೇ ಎದೆಗಾರಿಕೆ ಮುಂದೆಯೂ ಕಂಡಿತು: 1958ರಲ್ಲಿ ತಾವಾಗಿಯೇ ನಿಲ್ಲಿಸಿದ್ದ ಪರೀಕ್ಷೆಗಳನ್ನು ಮಾಸ್ಕೋದವರು ಮತ್ತೆ ಶುರುಮಾಡಿದ್ದು 1961ರ ಸೆಪ್ಟೆಂಬರ್ 1ರಂದು. ಬೆಲ್‌ಗ್ರೇಡ್‌ನಲ್ಲಿ ಅಲಿಪ್ತ ರಾಷ್ಟ್ರಗಳ ಮೊದಲ ಸಮ್ಮೇಳನ ಆರಂಭವಾದದ್ದೂ ಅದೇ ದಿನ, ನೆಹರೂ ಅಲ್ಲಿದ್ದರು.